ಸಮುದ್ರದ ಹೂಳು ಬೆಟ್ಟವಾದ ಜಾಗ: ಅಂಡಮಾನ್

ಅಂಡಮಾನ್‌ಗೆ ಹೋಗಿ ಬಂದವರನ್ನು ಕೇಳಿ ನೋಡಿ. ರಾಧಾನಗರ ಬೀಚು, ಸೆಲ್ಯುಲಾರ್ ಜೈಲು, ಸ್ಕೂಬಾ ಡೈವಿಂಗ್, ಅಲ್ಲಿಗೆ ಮುಗೀತು. ಅಲ್ಲಿನ ಕಲ್ಲಿನ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಯಾಕೆಂದರೆ ಒಂದು ಭೂಫಲಕ (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ಇನ್ನೊಂದರ ಅಡಿಗೆ ನುಗ್ಗುವಾಗ ಸಮುದ್ರದ ತಳದ ಹೂಳು ಹೇಗೆ ಬೆಟ್ಟವಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡು, ಕೈಯಿಂದ ಮುಟ್ಟಿ ನೋಡಬಹುದಾದ ಜಾಗ ಅದು.

ದ್ವೀಪಗಳ ಪಶ್ಚಿಮಕ್ಕೆ ಸಮುದ್ರದ ತಳದಲ್ಲಿ ಉದ್ದಕ್ಕೂ ಒಂದು ಕಂದಕ ಇದೆ. ಭಾರತದ ಫಲಕ ಅಲ್ಲಿ ಪೂರ್ವದ ಫಲಕದ ಕೆಳಗೆ ಇಳಿಯುತ್ತದೆ. ಅದು ಖಾಲಿ ಬೆನ್ನಲ್ಲಿ ಇಳಿಯುವುದಿಲ್ಲ. ಗಂಗಾ, ಬ್ರಹ್ಮಪುತ್ರ ನದಿಗಳು ಹಿಮಾಲಯದಿಂದ ಕೊಚ್ಚಿ ತಂದ ಹೂಳು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3000 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿದೆ, ಕೆಲವು ಕಡೆ ಅದರ ದಪ್ಪ 15 ಕಿಲೋಮೀಟರ್ ದಾಟುತ್ತದೆ. ಈ ಹೂಳು ಹಗುರ, ಮೆತ್ತಗೆ. ಎಲ್ಲವೂ ಫಲಕದ ಜೊತೆ ಕೆಳಗೆ ಹೋಗುವುದಿಲ್ಲ. ಜೆಸಿಬಿ ಮಣ್ಣು ತಳ್ಳುವಾಗ ಬಕೆಟ್ ಮುಂದೆ ಗುಡ್ಡೆ ಏಳುತ್ತದಲ್ಲ, ಹಾಗೇ ಮೇಲಿನ ಫಲಕದ ಅಂಚು ಅದನ್ನು ಹೆರೆದು ಗುಡ್ಡೆ ಹಾಕುತ್ತದೆ. ಹೊಸ ಪದರ ಅಡಿಯಿಂದ ಬಂದು ಸೇರಿದ ಹಾಗೆ ಹಳೆಯದು ವಾಲುತ್ತಾ ಮೇಲೇಳುತ್ತದೆ. ಕೋಟ್ಯಂತರ ವರ್ಷ ಹೀಗೇ ನಡೆದು, ಆ ಗುಡ್ಡೆಯ ನೆತ್ತಿ ನೀರಿನಿಂದ ಹೊರಬಂದದ್ದೇ ಅಂಡಮಾನ್ ಮತ್ತು ನಿಕೋಬಾರ್.

ಪೋರ್ಟ್ ಬ್ಲೇರ್ (ಈಗಿನ ಅಧಿಕೃತ ಹೆಸರು ಶ್ರೀ ವಿಜಯಪುರಂ) ಹತ್ತಿರದ ಕಾರ್ಬಿನ್ಸ್ ಕೋವ್ ಬೀಚಿಗೆ ನೀರು ಇಳಿದಾಗ ಹೋಗಿ. ಮರಳುಗಲ್ಲು, ಜೇಡಿಗಲ್ಲು, ಮತ್ತೆ ಮರಳುಗಲ್ಲು, ಹೀಗೆ ಪಟ್ಟಿ ಪಟ್ಟಿಯಾಗಿ ವಾಲಿಕೊಂಡಿವೆ. ಒಂದು ಪಟ್ಟಿಯ ಮೇಲೆ ಬೆರಳಾಡಿಸಿ. ಒಂದು ಕಡೆ ತರಿ ತರಿ, ಇನ್ನೊಂದು ಕಡೆಗೆ ಹೋಗುತ್ತಾ ನುಣ್ಣಗೆ. ಕಡಲ ಇಳಿಜಾರಿನಲ್ಲಿ ಕೆಸರು ಒಮ್ಮೆಲೇ ಜಾರಿ ಆಳಕ್ಕೆ ನುಗ್ಗಿದಾಗ ದಪ್ಪ ಮರಳು ಮೊದಲು ಕೂತಿತು, ನುಣುಪು ಕೆಸರು ನಿಧಾನವಾಗಿ ಆಮೇಲೆ. ಅಂದರೆ ತರಿ ಇರುವ ಕಡೆ ಕೆಳಗಿನದು, ನುಣುಪಿನ ಕಡೆ ಮೇಲಿನದು. ಒಂದು ವೇಳೆ ಪದರವೇ ಬುಡಮೇಲಾಗಿದ್ದರೆ ಅದೂ ಇದರಿಂದಲೇ ಗೊತ್ತಾಗುತ್ತದೆ. ಪದರದ ಅಡಿಭಾಗದಲ್ಲಿ ಕೆಲವೊಮ್ಮೆ ನಾಲಿಗೆ ಆಕಾರದ ಉಬ್ಬುಗಳೂ ಸಿಗುತ್ತವೆ, ಹರಿವು ಯಾವ ದಿಕ್ಕಿಗಿತ್ತು ಅಂತ ಅವು ಹೇಳುತ್ತವೆ. ಸುಮಾರು 3 ಕೋಟಿ ವರ್ಷದ ಹಿಂದೆ ಆಳ ಸಮುದ್ರದಲ್ಲಿ ಕೂತ ಹೂಳು ಇದು, ಈಗ ಪಕ್ಕದಲ್ಲೇ ಎಳನೀರು ಮಾರುತ್ತಾರೆ! ಈ ಮರಳು ಹಿಮಾಲಯದ್ದೋ ಮ್ಯಾನ್ಮಾರ್ ಕಡೆಯದೋ ಅನ್ನುವ ವಾದ ಭೂವಿಜ್ಞಾನಿಗಳಲ್ಲಿ ಬಹಳ ಕಾಲದಿಂದ ಇದೆ. ಎರಡೂ ಕಡೆಯದು ಬೆರೆತಿದೆ ಅನ್ನುವ ಮಾತೇ ನನಗೆ ಸರಿ ಅನಿಸುತ್ತದೆ.

ಬರೀ ಹೂಳೇ ಅಲ್ಲ. ಸುಮಾರು 9.5 ಕೋಟಿ ವರ್ಷ ಹಳೆಯ ಸಾಗರತಳದ ಚೂರುಗಳೂ ಮೇಲೆ ಬಂದು ಕೂತಿವೆ. ನೀರಿನಡಿ ಉಕ್ಕಿ ದಿಂಬಿನ ಆಕಾರಕ್ಕೆ ಗಟ್ಟಿಯಾದ ಲಾವಾ ಅದರಲ್ಲಿದೆ. ನಮ್ಮ ಚಿತ್ರದುರ್ಗದ ಮರಡಿಹಳ್ಳಿಯಲ್ಲೂ ಅಂಥದೇ ದಿಂಬು ಲಾವಾ ಇದೆ, ಅದರ ವಯಸ್ಸು ಮಾತ್ರ 250 ಕೋಟಿ ವರ್ಷಕ್ಕೂ ಜಾಸ್ತಿ.

ಬಾರಾಟಾಂಗ್ ದ್ವೀಪದ ಕೆಸರು ಜ್ವಾಲಾಮುಖಿಗೆ ಹೋದವರು "ಇಷ್ಟೇನಾ" ಅಂತ ಮುಖ ಸಿಂಡರಿಸುವುದನ್ನು ನೋಡಿದ್ದೇನೆ. ಬೂದು ಕೆಸರು, ಆಗಾಗ ಒಂದು ಗುಳ್ಳೆ. ಆದರೆ ಆ ಕೆಸರು ಬೆಂಕಿಯಿಂದ ಬಂದದ್ದಲ್ಲ, ಮುಟ್ಟಿದರೆ ತಣ್ಣಗೇ ಇರುತ್ತದೆ. ಮೇಲಿನ ಭಾರಕ್ಕೆ, ಪಕ್ಕದ ಒತ್ತಡಕ್ಕೆ ಸಿಕ್ಕಿದ ಒದ್ದೆ ಹೂಳು ಮೀಥೇನ್ ಅನಿಲದ ಜೊತೆ ಬಿರುಕಿನಲ್ಲಿ ಮೇಲೆ ಬರುತ್ತಿದೆ. ಬೆಟ್ಟ ಕಟ್ಟುವ ಕೆಲಸ ಒಳಗೆ ಇನ್ನೂ ನಡೀತಾ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಿಜವಾದ ಜ್ವಾಲಾಮುಖಿ ಇರುವುದು ಪೂರ್ವಕ್ಕೆ, ಬ್ಯಾರನ್ ದ್ವೀಪದಲ್ಲಿ. ಆಳಕ್ಕೆ ಇಳಿದ ಫಲಕ ಬಿಟ್ಟ ನೀರು ಮೇಲಿನ ಬಿಸಿ ಕಲ್ಲಿಗೆ ಸೇರಿ ಅದು ಕರಗುತ್ತದೆ. ಸುಮಾರು 150 ವರ್ಷ ಸುಮ್ಮನಿದ್ದ ಈ ಜ್ವಾಲಾಮುಖಿ 1991ರಲ್ಲಿ ಮತ್ತೆ ಸಿಡಿಯಿತು. ಈ ಜ್ವಾಲಾಮುಖಿ ಸಾಲಿಗೂ ಅಂಡಮಾನ್ ಬೆಟ್ಟಸಾಲಿಗೂ ನಡುವೆ ಒಂದು ತಗ್ಗು ಇದೆ. ಬೆಟ್ಟ ಏರಿದಷ್ಟೂ ಅಣೆಕಟ್ಟಿನಂತೆ ಹಿಂದೆ ಹೂಳು ನಿಲ್ಲುತ್ತದೆ. ನನಗೆ ತುಂಬ ಇಷ್ಟವಾಗುವುದು ಇದೇ: ಒಂದೇ ತಳ್ಳಾಟ ಒಂದು ಕಡೆ ಹೂಳನ್ನು ಬೆಟ್ಟ ಮಾಡುತ್ತದೆ, ಅದರ ಬೆನ್ನಿಗೇ ಹೊಸ ಹೂಳಿಗೆ ಜಾಗವನ್ನೂ ಮಾಡಿಕೊಡುತ್ತದೆ. ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯ ಮಾಡಿ ಕಲಿಸುತ್ತಾರೆ, ನೆಲದಲ್ಲಿ ಎರಡೂ ಒಂದೇ ಕೆಲಸ.

ಈ ಕೆಲಸ ಯಾವಾಗಲೂ ನಿಧಾನವಾಗಿ ನಡೆಯುವುದಿಲ್ಲ. ಎರಡು ಫಲಕ ಕಚ್ಚಿಕೊಂಡು ನಿಂತು, ಶತಮಾನಗಳ ಒತ್ತಡ ಕೂಡಿ, 2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾದಿಂದ ಅಂಡಮಾನ್‌ವರೆಗೆ ಸುಮಾರು 1300 ಕಿಲೋಮೀಟರ್ ಉದ್ದಕ್ಕೆ ಬಿಟ್ಟುಕೊಂಡಿತು. ಸುನಾಮಿ ಎಬ್ಬಿಸಿದ ಭೂಕಂಪ ಅದೇ. ಉತ್ತರ ಅಂಡಮಾನಿನ ಪಶ್ಚಿಮ ಅಂಚು ಮೇಲೆದ್ದು ಹವಳಗಳು ನೀರಿನಿಂದ ಹೊರಬಿದ್ದು ಸತ್ತವು. ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿಯಿತು, ಸಿಪ್ಪಿಘಾಟ್‌ನ ಗದ್ದೆಗಳಿಗೆ ಉಪ್ಪುನೀರು ನುಗ್ಗಿ ನಿಂತಿತು. ದಕ್ಷಿಣದ ತುತ್ತತುದಿಯ ಇಂದಿರಾ ಪಾಯಿಂಟ್ 4 ಮೀಟರ್‌ಗಿಂತ ಹೆಚ್ಚು ಇಳಿದು, ನೆಲದ ಮೇಲಿದ್ದ ಲೈಟ್‌ಹೌಸಿನ ಬುಡ ಸಮುದ್ರಕ್ಕೆ ಸೇರಿತು.

ಅದಕ್ಕೇ ಗ್ರೇಟ್ ನಿಕೋಬಾರ್‌ನ ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಬಂದರು ಕಟ್ಟುವ ಯೋಜನೆಯ ಬಗ್ಗೆ ಓದಿದಾಗ ನನಗೆ ಆತಂಕವಾಗುತ್ತದೆ. ಆ ಕೊಲ್ಲಿ ಇಂದಿರಾ ಪಾಯಿಂಟ್‌ನ ಪಕ್ಕದಲ್ಲೇ ಇದೆ. ಕಾಡು, ಆಮೆ, ಅಲ್ಲಿನ ಮೂಲನಿವಾಸಿ ಶೋಂಪೆನ್ ಜನರ ಬಗ್ಗೆ ಚರ್ಚೆ ನಡೆಯುತ್ತಿದೆ, ನಡೆಯಲೇಬೇಕು. ಅದರ ಜೊತೆಗೆ, ಒಂದೇ ಬೆಳಿಗ್ಗೆ 4 ಮೀಟರ್ ಇಳಿದ ನೆಲ ಮತ್ತೆ ಇಳಿದರೆ ಜೆಟ್ಟಿ, ರಸ್ತೆ, ಅಲ್ಲಿ ನೆಲೆಸಲಿರುವ ಜನರ ಗತಿ ಏನು ಅನ್ನುವ ಲೆಕ್ಕವನ್ನೂ ನಮ್ಮೆಲ್ಲರ ಮುಂದೆ ಇಡಬೇಕು.