ಒಂದು ಚೀಲ ಚೆರಿಗೆ ಎಷ್ಟು ಪುಡಿ?

ಮಡಿಕೇರಿಯ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ಉದ್ಯಮಶೀಲತೆಯ ವಿಷಯವನ್ನು ಆಯ್ದುಕೊಂಡೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ವ್ಯಾಪಾರವನ್ನು ಬೆಂಚಿನ ಮೇಲೆ ಕುಳಿತು ಕಲಿಯಲು ಆಗುತ್ತದೆಯೇ?" ನನ್ನಲ್ಲಿ ಉತ್ತರವಿರಲಿಲ್ಲ, ಆಸೆ ಮಾತ್ರ ಇತ್ತು. ನಾಪೋಕ್ಲು ಬಳಿಯ ನಮ್ಮ ಮೂರು ಎಕರೆಯ ರೋಬಸ್ಟಾ ಕಾಫಿಯನ್ನು ಕಣದಲ್ಲಿ ಒಣಗಿಸಿ, ಚೆರಿಯಾಗಿಯೇ, ಅಂದರೆ ಸಿಪ್ಪೆ ಸಮೇತ ಒಣಗಿದ ಹಣ್ಣಾಗಿಯೇ, ಚೀಲ ಕಟ್ಟಿ, ವ್ಯಾಪಾರಿ ಹೇಳಿದ ಬೆಲೆಗೆ ಕೊಡುವುದು ನಿಲ್ಲಬೇಕು. ನಾವೇ ಹುರಿದ ಪುಡಿಯನ್ನು ಮಾರಬೇಕು.

ನನ್ನ ಮೊದಲ ಯೋಜನಾ ವರದಿಯನ್ನು ಮೇಡಂ ಹಿಂದಿರುಗಿಸಿದರು. ಚೀಲವೊಂದಕ್ಕೆ ಎಷ್ಟು ಪುಡಿ ಬರುತ್ತದೆ ಎಂದೇ ನಾನು ಬರೆದಿರಲಿಲ್ಲ! ಆ ರಾತ್ರಿ ಅಪ್ಪನೊಂದಿಗೆ ಕುಳಿತು ಲೆಕ್ಕ ಹಾಕಿದೆ. 50 ಕಿಲೋ ಚೆರಿಯ ಸಿಪ್ಪೆ ತೆಗೆದರೆ ಸಿಗುವುದು ಸುಮಾರು 26 ಕಿಲೋ ಬೀಜ. ಹುರಿಯುವಾಗ ಅದರಲ್ಲೂ ಆರನೇ ಒಂದು ಭಾಗದಷ್ಟು ತೂಕ ಇಳಿಯುತ್ತದೆ. ಉಳಿಯುವುದು 22 ಕಿಲೋಗೂ ಕಡಿಮೆ. ಅದರ ಮೇಲೆ ಕೂಲಿ, ವಿದ್ಯುತ್, ಪೊಟ್ಟಣ, ಸಾಗಣೆ. ಇಷ್ಟು ವರ್ಷ ಕಾಫಿ ಬೆಳೆದ ಅಪ್ಪ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಿದ್ದರು.

ಆಹಾರ ಸುರಕ್ಷತಾ ನೋಂದಣಿ, ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗಳ ವಿವರವೂ ತರಗತಿಯಲ್ಲೇ ಸಿಕ್ಕಿತು. ಇನ್ನೊಂದು ಸಂಗತಿಯೂ ತಿಳಿಯಿತು: 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಗುರುತು) ಸಿಕ್ಕಿದ್ದು ಕೊಡಗಿನ ಇನ್ನೊಂದು ಕಾಫಿ ಬಗೆಯಾದ ಅರೇಬಿಕಾಕ್ಕೆ. ನಮ್ಮ ರೋಬಸ್ಟಾದ ಪೊಟ್ಟಣದ ಮೇಲೆ ಅದನ್ನು ಅಚ್ಚು ಹಾಕುವಂತಿಲ್ಲ. ಗೊತ್ತಿಲ್ಲದೆ ನಾನು ಹಾಕಿಬಿಡುತ್ತಿದ್ದೆ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದಿದೆ, ಇನ್ನು ರೋಬಸ್ಟಾ ಕೊಯ್ಲು. ಈ ಬಾರಿ ಎರಡು ಚೀಲವನ್ನು ಮಾರದೆ ಇಟ್ಟುಕೊಳ್ಳೋಣ ಎಂದು ಅಪ್ಪನೇ ಹೇಳಿದ್ದಾರೆ.