ಸೀಕೊ 6309-7040 ಕೊಳ್ಳುವವರಿಗೆ: ಮೊದಲು ಡಯಲ್ ನೋಡಿ, ಮಷೀನ್ ಆಮೇಲೆ

ಹಳೆಯ ಡೈವ್ ವಾಚುಗಳಲ್ಲಿ ಅತಿ ಹೆಚ್ಚು ಕಲಬೆರಕೆ ಕಂಡಿರುವವುಗಳಲ್ಲಿ ಸೀಕೊ 6309-7040 ಒಂದು. 1976ರಿಂದ 1988ರವರೆಗೆ ತಯಾರಾದ ಇದು ಗಟ್ಟಿಮುಟ್ಟು, ರಿಪೇರಿಗೂ ಸುಲಭ. ಹಾಗಾಗಿ ಡಯಲ್, ಮುಳ್ಳು, ಬೆಜೆಲ್ (ಗಾಜಿನ ಸುತ್ತ ತಿರುಗುವ ಬಳೆ), ಗಾಜು ಎಲ್ಲದರ ನಕಲು ಬಿಡಿಭಾಗಗಳೂ ಮಾರುಕಟ್ಟೆಗೆ ಬಂದಿವೆ. ಫೋಟೋದಲ್ಲಿ ಹೊಸದರಂತೆ ಹೊಳೆಯುವ 6309 ಕಂಡರೆ ಖುಷಿಪಡುವ ಮೊದಲು ಅನುಮಾನಪಡಿ. ನಲವತ್ತು ವರ್ಷ ದುಡಿದ ವಾಚಿಗೆ ವಯಸ್ಸು ಕಾಣಬೇಕು.

ವಾಷರ್ ಸವೆದರೆ ಬದಲಿಸಬಹುದು, ಗಾಜು ಒಡೆದರೆ ಹೊಸದು ಹಾಕಬಹುದು, ಎಣ್ಣೆ ಒಣಗಿದ ಮಷೀನನ್ನು ಬಿಚ್ಚಿ ಸರ್ವಿಸ್ ಮಾಡಬಹುದು. ಹೋದ ಡಯಲ್ ಮಾತ್ರ ವಾಪಸು ಬರುವುದಿಲ್ಲ. ಹಾಗೆಯೇ ಬಫ್ ಹೊಡೆದು, ಅಂದರೆ ಹೊಳಪಿಗಾಗಿ ಉಜ್ಜಿ ತೆಗೆದ ಲೋಹವೂ. ಅದಕ್ಕೇ ಪರೀಕ್ಷೆ ಡಯಲ್‌ನಿಂದ ಶುರುವಾಗಬೇಕು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಡಯಲ್‌ನ ಕೆಳತುದಿ, 6 ಗಂಟೆಯ ಹತ್ತಿರ ನೋಡಿ. ಅಲ್ಲಿ ಸಣ್ಣಕ್ಷರದಲ್ಲಿ ಒಂದು ಸಂಕೇತ ಇರುತ್ತದೆ, ಅದು 6309 ಎಂದೇ ಆರಂಭವಾಗಬೇಕು. 7002 ಅಥವಾ 7ಎಸ್26 (ಸೀಕೊದ ಬೇರೆ ಮಷೀನುಗಳ ಸಂಖ್ಯೆ) ಎಂದಿದ್ದರೆ ಡಯಲ್ ಬೇರೆ ವಾಚಿನದು. ಆದರೆ ನಕಲು ಮಾಡುವವರು ಸಂಕೇತವನ್ನೂ ಮುದ್ರಿಸುತ್ತಾರೆ. ಆದ್ದರಿಂದ ಸಂಖ್ಯೆಗಿಂತ ಮುದ್ರಣದ ಗುಣವೇ ಮುಖ್ಯ: ಅಸಲಿಯಲ್ಲಿ ಅಕ್ಷರದ ಅಂಚು ಚೂಪು, ನಕಲಿಯಲ್ಲಿ ಶಾಯಿ ಹರಡಿದಂತೆ ದಪ್ಪ. ನಮ್ಮಲ್ಲಿ ಹಳೆ ಡಯಲ್‌ಗೇ ಹೊಸ ಬಣ್ಣ ಬಳಿದು ಮತ್ತೆ ಮುದ್ರಿಸಿದ ಮಾಲು ಎಷ್ಟಿದೆಯೆಂದರೆ, ಸಂಗ್ರಾಹಕರು ಅದನ್ನು 'ಮುಂಬೈ ಸ್ಪೆಷಲ್' ಎಂದೇ ಕರೆಯುತ್ತಾರೆ. ಎಚ್‌ಎಂಟಿ, ಸೀಕೊ 5 ನೋಡಿದವರಿಗೆ ಇದು ಹೊಸದೇನಲ್ಲ.

ಆಮೇಲೆ ಲೂಮ್, ಅಂದರೆ ಕತ್ತಲಲ್ಲಿ ಹೊಳೆಯುವ ಬಣ್ಣ. ಡಯಲ್‌ನ ಚುಕ್ಕೆಗಳೂ ಮುಳ್ಳುಗಳೂ ಒಟ್ಟಿಗೆ ಮಾಗಿರಬೇಕು. ಕೆನೆಬಣ್ಣದಿಂದ ಕಂದುವರೆಗೆ ಯಾವ ಛಾಯೆಯಾದರೂ ಇರಲಿ, ಎರಡೂ ಹೊಂದಬೇಕು. ಡಯಲ್ ಕಂದು, ಮುಳ್ಳು ಹಾಲುಬಿಳಿ ಎಂದಾದರೆ ಮುಳ್ಳು ಬದಲಾಗಿದೆ. ಟಾರ್ಚ್ ಬೆಳಕು ಹಾಯಿಸಿ ಕತ್ತಲಲ್ಲಿ ನೋಡಿ. ಗಂಟೆಗಟ್ಟಲೆ ಹಸಿರಾಗಿ ಉರಿದರೆ ಅದು ಹೊಸ ಲೂಮ್. ಲೂಮ್ ಕಪ್ಪಾಗಿದ್ದರೆ ಒಳಗೆ ತೇವ ಹೋಗಿತ್ತು ಎಂದರ್ಥ. ಬಿರುಕು ಬಿಟ್ಟಿದ್ದರೆ ಇನ್ನೂ ಎಚ್ಚರ: ಪುಡಿ ಉದುರಿ ಮಷೀನಿನೊಳಗೆ ಸೇರುತ್ತದೆ.

ಕೇಸಿನ ಮೇಲ್ಮೈಯಲ್ಲಿ ಬ್ರಷ್ ಮಾಡಿದ ಸಣ್ಣ ಗೆರೆಗಳಿರಬೇಕು, ಪಕ್ಕಗಳು ನುಣುಪಾಗಿ ಹೊಳೆಯಬೇಕು. ಎರಡೂ ಕೂಡುವ ಕಡೆ ಸ್ಪಷ್ಟವಾದ ಏಣು ಸಿಗಬೇಕು. ಉಗುರಿಗೆ ಅದು ಸಿಗದಿದ್ದರೆ, ಇಡೀ ಕೇಸು ಸೋಪಿನ ತುಂಡಿನಂತೆ ಜಾರಿದರೆ, ಯಾರೋ ಬಫ್ ಹೊಡೆದಿದ್ದಾರೆ. ಗೀರುಗಳಿರುವ ಆದರೆ ಬಫ್ ಕಾಣದ ಕೇಸೇ ಮೇಲು. ಬೆಜೆಲ್ ಎರಡೂ ಕಡೆ ತಿರುಗುತ್ತದೆಂದು ಗಾಬರಿಯಾಗಬೇಡಿ, ಈ ಮಾದರಿಯ ವಿನ್ಯಾಸವೇ ಹಾಗೆ. ಟಿಕ್ ಎನ್ನದೆ ಸಡಿಲವಾಗಿ ಸುತ್ತಿದರೆ ಮಾತ್ರ ಅಡಿಯಲ್ಲಿ ತುಕ್ಕು ಹಿಡಿದಿರಬಹುದು, ಇಲ್ಲವೇ ಟಿಕ್ ಕೊಡುವ ಗುಂಡು ಕಳೆದಿರಬಹುದು.

4 ಗಂಟೆಯ ಬಳಿಯ ಕೀಲಿಯನ್ನು, ಅಂದರೆ ಸಮಯ ಹೊಂದಿಸುವ ಗುಂಡಿಯನ್ನು, ಕೈಯಾರೆ ತಿರುವಿ ಬಿಚ್ಚಿ, ಮತ್ತೆ ಮುಚ್ಚಿ ನೋಡದೆ ಹಣ ಕೊಡಬೇಡಿ. ಕೀಲಿ ಕೂರುವ ಥ್ರೆಡ್ ಕೇಸಿನಲ್ಲೇ ಕೊರೆದಿರುವುದು. ಅದು ಸವೆದಿದ್ದರೆ ಕೀಲಿ ಬದಲಿಸಿದರೂ ಹಿಡಿಯುವುದಿಲ್ಲ. ಹೊಸ ಕೊಳವೆ ಕೂರಿಸುವ ಕೆಲಸ ಎಲ್ಲ ರಿಪೇರಿ ಅಂಗಡಿಯವರೂ ಒಪ್ಪುವಂಥದ್ದಲ್ಲ.

ಕೀಲಿ ಬಿಚ್ಚಿದಾಗಲೇ ಮಷೀನಿನ ಗುಟ್ಟೂ ತಿಳಿಯುತ್ತದೆ. ಅಸಲಿ 6309ಗೆ ಕೈಯಿಂದ ಕೀ ಕೊಡಲು ಬರುವುದಿಲ್ಲ. ಕೀಲಿ ಪೂರ್ತಿ ಎಳೆದರೂ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲ. ಕೀ ಕೊಡಲು ಬಂದರೆ, ಮುಳ್ಳು ತಟ್ಟನೆ ನಿಂತರೆ, ಒಳಗೆ ಎನ್‌ಎಚ್36 ಥರದ ಈಚಿನ ಮಷೀನ್ ಕೂತಿದೆ. 7ಎಸ್26 ಹಾಕಿದ್ದರೆ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಅದೂ ಹಾಗೆಯೇ ನಡೆದುಕೊಳ್ಳುತ್ತದೆ. ಆಗ ಹಿಂಬದಿ ಮುಚ್ಚಳ ತೆಗೆಸಲೇಬೇಕು: 17 ಜುವೆಲ್ (ಸವೆತ ತಡೆಯುವ ಹರಳು), 6309ಎ ಎಂಬ ಗುರುತು ಕಾಣಬೇಕು. ಸ್ಕ್ರೂ ತಲೆಗಳು ಕಿತ್ತುಹೋಗಿವೆಯೇ, ರೋಟರ್ (ಕೈ ಅಲುಗಿದಾಗ ತಿರುಗಿ ಕೀ ಕೊಡುವ ತೂಕ) ಮುಚ್ಚಳಕ್ಕೆ ಉಜ್ಜಿ ವೃತ್ತಾಕಾರದ ಗೀರು ಬಿದ್ದಿದೆಯೇ ನೋಡಿ. ಇದೇ ಮಷೀನ್ ಸೀಕೊದ ಎಷ್ಟೋ ಸಾದಾ ವಾಚುಗಳಲ್ಲೂ ಇತ್ತು, ಹಾಗಾಗಿ ಸವೆದ ಭಾಗಗಳಿಗೆ ದಾರಿಯಿದೆ. ಮಷೀನನ್ನು ಕೊನೆಗಿಟ್ಟಿದ್ದು ಅದಕ್ಕೇ.

ದಿನ, ತಾರೀಕು ಬದಲಿಸಿ ನೋಡುವಾಗ ಮುಳ್ಳುಗಳು ರಾತ್ರಿ 9ರಿಂದ ಬೆಳಗಿನ 4ರ ನಡುವೆ ಇರಬಾರದು. ಆ ಹೊತ್ತಿನಲ್ಲಿ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ. ಮಾರುವವರು ದೂರದಲ್ಲಿದ್ದರೆ, ಮಧ್ಯರಾತ್ರಿ ದಾಟುವಾಗ ದಿನ ತಾನೇ ಬದಲಾಗುವ ವೀಡಿಯೊ ಕೇಳಿ.

ಹಿಂಬದಿಯ 6 ಅಂಕಿಯ ಸಂಖ್ಯೆಯಲ್ಲಿ ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರಿಗೆ ಓ, ಎನ್, ಡಿ ಅಕ್ಷರಗಳು. 3ಡಿ ಎಂದಿದ್ದರೆ 1983ರ ಡಿಸೆಂಬರ್. ಮೊದಲ ಅಂಕಿ 6, 7 ಅಥವಾ 8 ಇದ್ದರೆ ಎರಡು ದಶಕಗಳಲ್ಲಿ ಯಾವುದೂ ಆಗಬಹುದು. ನೆನಪಿಡಿ, ಈ ಸಂಖ್ಯೆ ಡಯಲ್ ಮೇಲಾಗಲಿ ಮಷೀನಿನ ಮೇಲಾಗಲಿ ಇರುವುದಿಲ್ಲ. ಮುಚ್ಚಳ ತಿರುಪಿನದು, ಯಾರು ಬೇಕಾದರೂ ಬದಲಿಸಬಹುದು. ಅದು ಮುಚ್ಚಳದ ವಯಸ್ಸನ್ನಷ್ಟೇ ಹೇಳುತ್ತದೆ.

ಇಷ್ಟೂ ಪಾಸಾಗಿ ವಾಚು ಮನೆಗೆ ಬಂದರೂ ಮುಚ್ಚಳದ ಮೇಲಿನ 150 ಮೀಟರ್ ಎಂಬುದನ್ನು ನಂಬಿ ನೀರಿಗಿಳಿಸಬೇಡಿ. ಆ ಮಾತು ವಾಷರ್‌ಗಳು ಹೊಸದಾಗಿದ್ದ ಕಾಲದ್ದು. ಕೀಲಿ, ಗಾಜು, ಮುಚ್ಚಳ ಮೂರರ ವಾಷರ್ ಬದಲಿಸಿ, ಒತ್ತಡದ ಯಂತ್ರದಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕೈ ತೊಳೆಯುವಾಗಲೂ ಬಿಚ್ಚಿಡಿ.