ಅಮ್ಮನ ಮೊಣಕಾಲು

ಅಮ್ಮನಿಗೆ ಮೊಣಕಾಲಿನ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಆದ ಮೇಲೆ ನನಗೆ ಮನವರಿಕೆಯಾಗಿದೆ: ವೈದ್ಯರು ಹೊಸ ಕೀಲನ್ನು ಕೂರಿಸಿಕೊಡುತ್ತಾರೆ, ಅದನ್ನು ಪಳಗಿಸುವ ಕೆಲಸ ರೋಗಿಯದೇ. ತೊಡೆಯ ಮುಂಭಾಗದ ಸ್ನಾಯು ಬಹಳ ಬೇಗ ಸೊರಗುತ್ತದೆ. ಹಾಸಿಗೆ ಹಿಡಿದಷ್ಟೂ ಕೀಲು ಬಿಗಿಯುತ್ತದೆ. ಅದಕ್ಕೇ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲನ್ನು ಹಾಸಿಗೆಯತ್ತ ಒತ್ತಿ, ಐದು ಎಣಿಸುವವರೆಗೆ ಹಿಡಿದು ಬಿಡಬೇಕು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಅಮ್ಮನ ಹಣೆಯ ಮೇಲೆ ಮಾತ್ರ ಬೆವರು ಸಾಲುಗಟ್ಟಿರುತ್ತದೆ.

‘ಪಾಪ, ವಯಸ್ಸಾದವರು, ಮಲಗಿರಲಿ ಬಿಡಿ’ ಎನ್ನುವ ನೆಂಟರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಕನಿಕರ ಅಮ್ಮನಿಗೆ ಬೇಕಿಲ್ಲ. ಫಿಸಿಯೋಥೆರಪಿಸ್ಟ್ ಬಂದರೆ ಅಮ್ಮನೇ ಪ್ರಶ್ನೆ ಹಾಕುತ್ತಾರೆ: ಯಾವ ನೋವನ್ನು ಸಹಿಸಬೇಕು, ಯಾವುದಕ್ಕೆ ನಿಲ್ಲಿಸಬೇಕು? ಮೀನಖಂಡ ಊದಿಕೊಂಡು ನೋಯತೊಡಗಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು ಎಂಬುದನ್ನೂ ಹೀಗೆಯೇ ಕೇಳಿ ತಿಳಿದುಕೊಂಡರು. ಮೆಟ್ಟಿಲಿನ ಕ್ರಮ ಈಗ ಬಾಯಿಪಾಠ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ಮುಂದಿನ ವಾರ ಮಹಡಿ ಹತ್ತಿ ಹೂಕುಂಡಗಳಿಗೆ ತಾವೇ ನೀರು ಹಾಕುತ್ತಾರಂತೆ; ನಾನು ಹಿಂದೆ ನಿಂತಿದ್ದರೆ ಸಾಕಂತೆ.